ಇಪ್ಪತ್ತು ಮೀಟರ್ ನೀರಿನ ಸದ್ದಿನ ಲೆಕ್ಕ

ಕಡಲಿನೊಳಗೆ 100 ಡೆಸಿಬೆಲ್ ಸದ್ದಿತ್ತು ಎಂದು ಬರೆದ ವರದಿಯೊಂದನ್ನು ಈ ಕಸುಬು ಬಲ್ಲವರ ಕೈಗೆ ಕೊಟ್ಟು ನೋಡಿ. ಅವರ ಕಣ್ಣು ಆ ನೂರರ ಮೇಲೆ ನಿಲ್ಲುವುದೇ ಇಲ್ಲ. ಯಾವ ಒತ್ತಡವನ್ನು ಸೊನ್ನೆಯೆಂದು ಹಿಡಿದು ಎಣಿಸಿದ ನೂರು? ಯಾವ ಕಂಪನಾಂಕದಿಂದ ಯಾವ ಕಂಪನಾಂಕದವರೆಗಿನ ಸದ್ದು? ಎಷ್ಟು ಸೆಕೆಂಡಿನ ಸರಾಸರಿ? ನೀರು ಎಷ್ಟು ಆಳವಿತ್ತು, ನೀರೊಳಗಿನ ಸದ್ದು ಹಿಡಿಯುವ ಹೈಡ್ರೋಫೋನ್ ತಳದಿಂದ ಎಷ್ಟು ಮೇಲಿತ್ತು, ಗಾಳಿ ಹೇಗಿತ್ತು, ಉಬ್ಬರವಿತ್ತೋ ಇಳಿತವಿತ್ತೋ? ಇಷ್ಟೂ ಸಿಗದಿದ್ದರೆ ವರದಿಯನ್ನು ಮಡಚಿ ಪಕ್ಕಕ್ಕಿಡುತ್ತಾರೆ. ಸದ್ದಿನ ಸಂಖ್ಯೆಗಿಂತ ಅದರ ಜಾತಕಕ್ಕೆ ಹೆಚ್ಚು ಬೆಲೆ ಕೊಡುವ ಈ ಶಿಸ್ತನ್ನು ಹತ್ತಿರದಿಂದ ನೋಡಿದಷ್ಟೂ ನನಗೆ ಅದರ ಮೇಲೆ ಗೌರವ ಹೆಚ್ಚಿದೆ.

ಮೊದಲ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಡೆಸಿಬೆಲ್ ಎಂದರೆ ಅನುಪಾತ. ಗೊತ್ತುಪಡಿಸಿದ ಒಂದು ಒತ್ತಡಕ್ಕಿಂತ ಎಷ್ಟು ಪಟ್ಟು ಎಂದು ಹೇಳುವ ಲೆಕ್ಕ. ಗಾಳಿಯಲ್ಲಿ ಆ ಆಧಾರ 20 ಮೈಕ್ರೋಪ್ಯಾಸ್ಕಲ್, ನೀರಿನಲ್ಲಿ 1 ಮೈಕ್ರೋಪ್ಯಾಸ್ಕಲ್. ಆಧಾರ ಬದಲಾಯಿತು ಎಂಬ ಒಂದೇ ಕಾರಣಕ್ಕೆ ಅದೇ ಒತ್ತಡ ನೀರಿನಲ್ಲಿ 26 ಡೆಸಿಬೆಲ್ ಹೆಚ್ಚಾಗಿ ಕಾಣುತ್ತದೆ. ನೀರು ಗಾಳಿಗಿಂತ ದಟ್ಟ, ಅದರಲ್ಲಿ ಸದ್ದಿನ ಓಟವೂ ಜೋರು; ಅಷ್ಟೇ ಶಕ್ತಿ ಸಾಗಬೇಕಾದರೆ ಅಲ್ಲಿ ಒತ್ತಡ ಹೆಚ್ಚು ಬೇಕು. ಅದನ್ನೂ ಕೂಡಿಸಿದರೆ ವ್ಯತ್ಯಾಸ ಸುಮಾರು 62. ತಿಮಿಂಗಿಲದ ಕೂಗು ವಿಮಾನದ ಎಂಜಿನ್ನನ್ನು ಮೀರಿಸುತ್ತದೆ ಎಂಬಂಥ ಸುದ್ದಿ ಓದಿದಾಗ ಈ 62ನ್ನು ಕಳೆದಿದ್ದಾರೆಯೇ ಎಂದು ಮೊದಲು ನೋಡಬೇಕು. ಹಳೆಯ ಪ್ರಬಂಧಗಳಲ್ಲಿ ಇನ್ನೂ ಎಚ್ಚರ ಬೇಕು. ಅಲ್ಲಿ ಆಧಾರ ಒಮ್ಮೆ ಚದರ ಸೆಂಟಿಮೀಟರಿಗೆ 0.0002 ಡೈನ್, ಇನ್ನೊಮ್ಮೆ 1 ಡೈನ್. ಮೊದಲಿನದಕ್ಕೆ 26, ಎರಡನೆಯದಕ್ಕೆ 100 ಕೂಡಿಸಿದರೆ ಇಂದಿನ ಲೆಕ್ಕಕ್ಕೆ ಬರುತ್ತದೆ.

ಕಡಲಿನ ಹಿನ್ನೆಲೆ ಸದ್ದನ್ನು ಕ್ರಮವಾಗಿ ಅಳೆಯುವ ಕೆಲಸ ಬೆಳೆದದ್ದು ಎರಡನೇ ಮಹಾಯುದ್ಧದ ಒತ್ತಾಯದಿಂದ. ಶತ್ರುವಿನ ಸಬ್‌ಮೆರೀನ್ ಹಿಡಿಯಬೇಕಾದರೆ, ಅದು ಇಲ್ಲದಾಗ ಕಡಲು ತಾನಾಗಿ ಎಷ್ಟು ಸದ್ದು ಮಾಡುತ್ತದೆ ಎಂಬುದು ತಿಳಿದಿರಬೇಕು. ಆಗ ಅಳೆದದ್ದನ್ನು ಒಟ್ಟುಮಾಡಿ ವರ್ನ್ ಕ್ನುಡ್ಸೆನ್ ಮತ್ತು ಸಂಗಡಿಗರು 1948ರಲ್ಲಿ ಪ್ರಕಟಿಸಿದರು. 1962ರಲ್ಲಿ ಗಾರ್ಡನ್ ವೆಂಜ್ ಅದನ್ನು ಇನ್ನಷ್ಟು ವಿಸ್ತರಿಸಿ, ಯಾವ ಕಂಪನಾಂಕದಲ್ಲಿ ಯಾರ ಸದ್ದು ಎಂಬುದನ್ನು ಒಂದೇ ಹಾಳೆಯ ಮೇಲೆ ತಂದರು: ಕೆಳಗಿನ ಸಾಲಿನಲ್ಲಿ ದೂರದ ಹಡಗುಗಳು, ಮಧ್ಯದಲ್ಲಿ ಗಾಳಿ ಎಬ್ಬಿಸಿದ ಅಲೆ ಮತ್ತು ಗುಳ್ಳೆಗಳು, ತೀರ ಮೇಲೆ ನೀರಿನ ಅಣುಗಳದೇ ಕಂಪನ. ಈ ವಿದ್ಯೆಯಲ್ಲಿ ಕೈಹಾಕಿದ ಯಾರೇ ಆಗಲಿ ಇಂದಿಗೂ ತಮ್ಮ ಅಳತೆಯನ್ನು ಮೊದಲು ಇಟ್ಟು ನೋಡುವುದು ಆ ಹಾಳೆಯ ಮೇಲೆಯೇ. ಅದರಲ್ಲಿ ಬಾಯಿಪಾಠಕ್ಕೆ ತಕ್ಕ ಒಂದು ಸೂತ್ರವೂ ಇದೆ. 500 ಹರ್ಟ್ಜ್‌ನಿಂದ 5 ಕಿಲೋಹರ್ಟ್ಜ್‌ವರೆಗೆ ಕಂಪನಾಂಕ ಇಮ್ಮಡಿಯಾದಾಗಲೆಲ್ಲ ಸದ್ದು 5 ಡೆಸಿಬೆಲ್ ಇಳಿಯುತ್ತದೆ. ಗಾಳಿಯ ವೇಗ ಇಮ್ಮಡಿಯಾದಾಗಲೆಲ್ಲ 5 ಏರುತ್ತದೆ. 5 ನಾಟ್ ಗಾಳಿಯಿದ್ದಾಗ 1 ಕಿಲೋಹರ್ಟ್ಜ್ ಬಳಿ ಅದು ಐದೈದಲ ಇಪ್ಪತ್ತೈದು. ಆಳವಿಲ್ಲದ ನೀರಾದರೆ ಇನ್ನೊಂದು 5 ಹೆಚ್ಚು. ಆ ಇಪ್ಪತ್ತೈದು 0.0002 ಡೈನಿನ ಹಳೆಯ ಆಧಾರದ್ದು, ಇಂದಿನದರಲ್ಲಿ 51.

ಬಿಸಿ ದೇಶಗಳ ತೀರದ ಇಪ್ಪತ್ತು ಮೀಟರ್ ನೀರಿಗೆ ಬಂದಾಗ ಈ ಸೊಗಸಾದ ಸೂತ್ರ ತಡವರಿಸುತ್ತದೆ. 1970ರ ದಶಕದಲ್ಲಿ ಡಗ್ಲಸ್ ಕೇಟೊ ಆಸ್ಟ್ರೇಲಿಯಾದ ಸುತ್ತ ಅಳೆದು, ಆ ಕಡಲಿಗೆ ಅದರದೇ ರೇಖೆಗಳು ಬೇಕು ಎಂದು ತೋರಿಸಿದರು. ಅಲ್ಲಿ ಜೀವಿಗಳ ಪಾಲು ಬಹಳ ದೊಡ್ಡದು. ಉಷ್ಣವಲಯದ ನೀರಿನಲ್ಲಿ ದಿನದ ಗೊತ್ತಾದ ಹೊತ್ತಿಗೆ ಎದ್ದು ಗೊತ್ತಾದ ಹೊತ್ತಿಗೆ ಅಡಗುವ ಸಮೂಹಗಾನಗಳನ್ನು ಅವರು 1978ರಲ್ಲಿ ವಿವರವಾಗಿ ವರ್ಣಿಸಿದರು. ನನ್ನ ಮಟ್ಟಿಗೆ ಈ ಕಸುಬಿನ ಮುಖ್ಯ ಪಾಠ ಅಲ್ಲೇ ಇದೆ: ಒಂದು ಕಡಲಿನ ಅಳತೆಗೋಲು ಇನ್ನೊಂದಕ್ಕೆ ಹೊಂದುತ್ತದೆ ಎಂದು ನಂಬುವಂತಿಲ್ಲ, ತಮ್ಮ ನೀರನ್ನು ತಾವೇ ಅಳೆಯಬೇಕು.

ಆಳ ಕಡಿಮೆಯಾದರೆ ಆಗುವುದೇನು ಎಂದು ನೋಡೋಣ. ಬೆಚ್ಚಗಿನ ಕಡಲಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1540 ಮೀಟರ್ ಓಡುತ್ತದೆ. ಹಾಗಾಗಿ 50 ಹರ್ಟ್ಜ್ ಸದ್ದಿನ ಅಲೆಯೊಂದರ ಉದ್ದ 30 ಮೀಟರ್ ದಾಟುತ್ತದೆ. ನೀರು ಇರುವುದೇ 20 ಮೀಟರ್. ಮೇಲೆ ನೀರಿನ ಮೈ, ಕೆಳಗೆ ಮರಳು, ನಡುವೆ ಆ ಉದ್ದದ ಅಲೆಗೆ ಜಾಗವೇ ಸಾಲದು. ಮರಳಿನಲ್ಲಿ ಸದ್ದಿನ ವೇಗ 1700 ಮೀಟರ್ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ ಸುಮಾರು 45 ಹರ್ಟ್ಜ್‌ಗಿಂತ ಕೆಳಗಿನದೆಲ್ಲ ದೂರ ಸಾಗದೆ ತಳಕ್ಕೆ ಸೋರಿಹೋಗುತ್ತದೆ. ಆಳಸಮುದ್ರದಲ್ಲಿ ನೂರಾರು ಕಿಲೋಮೀಟರ್ ಆಚೆಯಿಂದ ಬರುವ ಹಡಗುಗಳ ಗುಂಯ್‌ಗುಟ್ಟುವಿಕೆ ಇಲ್ಲಿಗೆ ಮುಟ್ಟುವುದಿಲ್ಲ. ಇಲ್ಲಿ ಕೇಳುವುದು ಹತ್ತಿರದ ಬೋಟು, ಒಂದೊಂದೂ ಬೇರೆಬೇರೆಯಾಗಿ. ಯುರೋಪಿನ ಒಕ್ಕೂಟ ಹಡಗಿನ ಸದ್ದಿನ ಸೂಚಕವಾಗಿ 63 ಮತ್ತು 125 ಹರ್ಟ್ಜ್‌ನ ಎರಡು ಪಟ್ಟಿಗಳನ್ನು ಆರಿಸಿಕೊಂಡಿದೆ. ಅವರ ಸಮುದ್ರಗಳಿಗೆ ಅದು ಸರಿಯಿರಬಹುದು. ನಮ್ಮ ತೀರದ ನೀರಿನಲ್ಲಿ 63 ಹರ್ಟ್ಜ್ ಎಂಬುದು ಸದ್ದು ಸಾಗುವ ಮಿತಿಯ ಅಂಚಿನಲ್ಲೇ ಇದೆ. ಅದೊಂದನ್ನೇ ಅಳೆದು ಇಲ್ಲಿ ಬೋಟುಗಳ ಗದ್ದಲವಿಲ್ಲ ಎಂದರೆ ತೀರ್ಪು ತಪ್ಪುತ್ತದೆ. ಔಟ್‌ಬೋರ್ಡ್ ಎಂಜಿನ್ನುಗಳ ಸದ್ದು ಅದಕ್ಕಿಂತ ಬಹಳ ಮೇಲೆ ಹರಡಿರುತ್ತದೆ.

ಇನ್ನು ಸೀಗಡಿ. ಬೆಚ್ಚಗಿನ ಕಡಲಿನ ಹವಳ, ಬಂಡೆ, ಚಿಪ್ಪು ತುಂಬಿದ ತಳದ ಮೇಲೆ ಹೈಡ್ರೋಫೋನ್ ಇಳಿಬಿಟ್ಟರೆ ಮೊದಲು ಕಿವಿಗೆ ಬೀಳುವುದು ಒಣ ಪುರಲೆಗೆ ಬೆಂಕಿ ಹತ್ತಿದಂಥ ಚಟಚಟ. ಹಗಲೂ ರಾತ್ರಿ, ವರ್ಷವಿಡೀ. ಯುದ್ಧಕಾಲದಲ್ಲಿ ಅಮೆರಿಕದ ನೌಕಾಪಡೆಯ ಉಪಕರಣಗಳನ್ನು ಕಾಡಿದ ಈ ಸದ್ದಿನ ಮೂಲ ಹುಡುಕಿದವರಲ್ಲಿ ಮಾರ್ಟಿನ್ ಜಾನ್ಸನ್ ಎಂಬ ಪ್ರಾಣಿಶಾಸ್ತ್ರಜ್ಞರು ಮುಖ್ಯರು. 1947ರಲ್ಲಿ ಅವರು ಎವರೆಸ್ಟ್ ಮತ್ತು ಯಂಗ್ ಜೊತೆ ಪ್ರಕಟಿಸಿದ ಪ್ರಬಂಧ ಅದನ್ನು ಬೆರಳುದ್ದದ ಸೀಗಡಿಗಳ ತಲೆಗೆ ಕಟ್ಟಿತು. ಚಿಟಿಕೆ ಹೊಡೆಯುವ ಈ ಸೀಗಡಿಗಳು ಸುಮಾರು 55 ಮೀಟರಿಗಿಂತ ಕಡಿಮೆ ಆಳದಲ್ಲಿ, ಅಡಗಲು ಸಂದುಗೊಂದು ಇರುವ ತಳದಲ್ಲಿ ಗುಂಪುಗುಂಪಾಗಿ ಇರುತ್ತವೆ. ಬರೀ ಕೆಸರಿನ ತಳದಲ್ಲಿ ಅವು ಅಪರೂಪ. ಇದರಿಂದ ಇನ್ನೊಂದು ಉಪಕಾರವಾಯಿತು: ಆಳ, ತಳದ ಬಗೆ, ನೀರಿನ ಬಿಸಿ ಗೊತ್ತಿದ್ದರೆ ಕಿವಿಗೊಡುವ ಮೊದಲೇ ಎಲ್ಲಿ ಚಟಚಟ ಇದ್ದೀತು ಎಂದು ನಕ್ಷೆಯ ಮೇಲೆ ಗುರುತು ಹಾಕಬಹುದಾಯಿತು.

ಈ ಪ್ರಾಣಿಗೆ ಎರಡು ಇಕ್ಕಳಗಳು. ಒಂದು ಸಾಧಾರಣ, ಇನ್ನೊಂದು ದೇಹದ ಅರ್ಧದಷ್ಟು ದೊಡ್ಡದು. ದೊಡ್ಡದರ ಒಂದು ಬೆರಳಿನಲ್ಲಿ ಗೂಟದಂತೆ ಮುಂದೆ ಚಾಚಿದ ಭಾಗ, ಎದುರಿನ ಬೆರಳಿನಲ್ಲಿ ಅದು ಕೂರುವ ಕುಳಿ. ಬೆರಳನ್ನು ಅಗಲಿಸಿ ಸೆಟೆದು ನಿಲ್ಲಿಸಿ ಒಮ್ಮೆಲೆ ಬಿಟ್ಟಾಗ ಒಂದು ಮಿಲಿಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ ಅದು ಮುಚ್ಚಿಕೊಳ್ಳುತ್ತದೆ. ಕುಳಿಯೊಳಗಿನ ನೀರು ಸೆಕೆಂಡಿಗೆ ಸುಮಾರು 25 ಮೀಟರ್ ವೇಗದಲ್ಲಿ ಹೊರಗೆ ಚಿಮ್ಮುತ್ತದೆ. ಬಹಳ ಕಾಲ ಎಲ್ಲರೂ ಸದ್ದು ಬರುವುದು ಇಕ್ಕಳ ಇಕ್ಕಳಕ್ಕೆ ಬಡಿದು ಎಂದೇ ನಂಬಿದ್ದರು. 2000ದಲ್ಲಿ ಮೈಕೆಲ್ ವರ್ಸ್ಲೂಯಿಸ್ ಮತ್ತು ಸಂಗಡಿಗರು ಸೆಕೆಂಡಿಗೆ 40,000 ಚಿತ್ರ ತೆಗೆಯುವ ಕ್ಯಾಮೆರಾ ಇಟ್ಟು ನೋಡಿದಾಗ ನಿಜ ಬಯಲಾಯಿತು. ಚಿಮ್ಮಿದ ನೀರಿನ ಹಿಂದೆ ಒತ್ತಡ ಎಷ್ಟು ಕುಸಿಯುತ್ತದೆಂದರೆ ಅಲ್ಲಿ ಆವಿಯ ಗುಳ್ಳೆಯೊಂದು ಹುಟ್ಟಿ ಬೆಳೆಯುತ್ತದೆ. ಸುತ್ತಲ ನೀರು ಅದನ್ನು ಅಮುಕಿ ಕುಸಿಸಿದ ಕ್ಷಣದಲ್ಲಿ ಸದ್ದು ಹೊರಡುತ್ತದೆ. ಇಕ್ಕಳ ಮುಚ್ಚಿದ್ದು ಅದಕ್ಕೂ ಮೊದಲೇ. ಮರುವರ್ಷ ಅದೇ ತಂಡ, ಕುಸಿಯುವ ಗುಳ್ಳೆಯೊಳಗಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಬೆಳಕೂ ಹೊಮ್ಮುತ್ತದೆ, ಒಳಗಿನ ಉಷ್ಣತೆ ಆ ಕ್ಷಣಕ್ಕೆ 5000 ಕೆಲ್ವಿನ್‌ಗೂ ಮೇಲೆ ಎಂದು ತೋರಿಸಿತು. ದೊಡ್ಡ ಇಕ್ಕಳ ಕಳೆದುಕೊಂಡರೆ ಸಣ್ಣದೇ ಬೆಳೆದು ಆ ಕೆಲಸಕ್ಕೆ ನಿಲ್ಲುತ್ತದೆ, ಕಳೆದ ಕಡೆ ಸಣ್ಣದು ಮೂಡುತ್ತದೆ.

ಇಂಥ ಒಂದು ಸಿಡಿತ ಒಂದು ಮೀಟರ್ ದೂರದಲ್ಲಿ, ತುದಿಯಿಂದ ತುದಿಗೆ ಅಳೆದರೆ, 190 ಡೆಸಿಬೆಲ್‌ವರೆಗೂ ಮುಟ್ಟುತ್ತದೆ. 2 ಕಿಲೋಹರ್ಟ್ಜ್‌ನಿಂದ 200 ಕಿಲೋಹರ್ಟ್ಜ್ ಆಚೆಗೂ ಹರಡುತ್ತದೆ. ಹತ್ತು ಮೀಟರ್ ಆಚೆ ಅದು 170. ಸಾವಿರಾರು ಸೀಗಡಿಗಳು ದೂರದಲ್ಲಿ ಸಿಡಿಯುವುದು ಸೇರಿ ಒಂದು ಹದವಾದ ಹಿನ್ನೆಲೆಯಾಗುತ್ತದೆ, ಅದರ ನಡುವೆ ಹೈಡ್ರೋಫೋನಿನ ಪಕ್ಕದಲ್ಲೇ ಇರುವ ಒಂದು ಸೀಗಡಿ ಚಿಟಿಕೆ ಹೊಡೆಯುತ್ತದೆ. ಆ ಒಂದು ಸಿಡಿತ ಇಡೀ ನಿಮಿಷದ ಸರಾಸರಿ ಶಕ್ತಿಯನ್ನು ಎತ್ತಿಬಿಡುತ್ತದೆ. ಹಾಗಾದರೆ ಆ ನಿಮಿಷದ ಸದ್ದು ಎಷ್ಟು? ಗಾಳಿ, ಅಲೆಗಳ ಸದ್ದಿನಲ್ಲಿ ಸರಾಸರಿಯೂ ನಡುಬೆಲೆಯೂ ಅಕ್ಕಪಕ್ಕದಲ್ಲೇ ಇರುತ್ತವೆ, ಯಾವುದನ್ನು ಕೊಟ್ಟರೂ ನಡೆಯುತ್ತದೆ. ಸೀಗಡಿಯ ನೀರಿನಲ್ಲಿ ಅವೆರಡೂ ದೂರದೂರ ನಿಲ್ಲುತ್ತವೆ. ಅದಕ್ಕೇ ಈ ಕಡಲುಗಳಲ್ಲಿ ದುಡಿಯುವವರು ಒಂದು ಸಂಖ್ಯೆ ಕೊಟ್ಟು ಸುಮ್ಮನಾಗುವುದಿಲ್ಲ. ನೂರರಲ್ಲಿ ಐದು ಪಾಲು ಹೊತ್ತು ಯಾವ ಮಟ್ಟ ಮೀರಿತ್ತು, ಅರ್ಧ ಹೊತ್ತು ಯಾವುದನ್ನು, ತೊಂಬತ್ತೈದು ಪಾಲು ಹೊತ್ತು ಯಾವುದನ್ನು, ಹೀಗೆ ಹರವನ್ನೇ ಬರೆದಿಡುತ್ತಾರೆ.

ಇದನ್ನು ಆಳವಾಗಿ ಅಧ್ಯಯನ ಮಾಡಿದ ಜಾಗ ಸಿಂಗಾಪುರ. ಬಿಸಿ ನೀರು, ಕಡಿಮೆ ಆಳ, ಹವಳ, ಕಿಕ್ಕಿರಿದ ಹಡಗುದಾರಿ, ಎಲ್ಲವೂ ಅಲ್ಲಿ ಒಂದೇ ಕಡೆ ಸಿಗುತ್ತವೆ. ಅಲ್ಲಿನ ರಾಷ್ಟ್ರೀಯ ವಿಶ್ವವಿದ್ಯಾಲಯದ ಧ್ವನಿ ಸಂಶೋಧನಾಲಯದ ಮಂದಾರ್ ಚಿತ್ರೆ, ಜಾನ್ ಪಾಟರ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಸೀಗಡಿ ಸದ್ದಿಗೆ ಆಲ್ಫಾ-ಸ್ಟೇಬಲ್ ಎಂಬ ಗಣಿತದ ಮಾದರಿ ಚೆನ್ನಾಗಿ ಹೊಂದುತ್ತದೆ ಎಂದು ತೋರಿಸಿದರು. ಆ ಮಾದರಿಯ ಸ್ವಭಾವ ವಿಚಿತ್ರ: ದಾಖಲೆ ಉದ್ದವಾದಷ್ಟೂ ಹಿಂದಿನದಕ್ಕಿಂತ ದೊಡ್ಡ ಸಿಡಿತವೊಂದು ಬಂದು ಸರಾಸರಿ ಶಕ್ತಿಯನ್ನು ಮತ್ತೆ ಮೇಲೆತ್ತುತ್ತದೆ, ಅದು ಒಂದು ಕಡೆ ನೆಲೆ ನಿಲ್ಲುವುದೇ ಇಲ್ಲ. ಇಂಥ ಸದ್ದಿನ ನಡುವೆ ಬೇಕಾದ ಸಂಕೇತ ಹುಡುಕುವ ಉಪಾಯವೂ ಅಷ್ಟೇ ಸರಳ, ಸುಂದರ. ಪ್ರತಿ ಕ್ಷಣದ ಒತ್ತಡ ಎಷ್ಟು ದೊಡ್ಡದು ಎಂದು ಕೇಳುವುದನ್ನು ಬಿಟ್ಟು, ಅದು ಧನವೋ ಋಣವೋ ಎಂದಷ್ಟೇ ಬರೆದುಕೊಳ್ಳುವುದು. ಆಗ ಪಕ್ಕದಲ್ಲಿ ಸಿಡಿದ ಸೀಗಡಿಗೂ ದೂರದ ಪಿಸುಮಾತಿಗೂ ಒಂದೊಂದೇ ಮತ. ಪರಿಪೂರ್ಣ ವಿಧಾನಕ್ಕೆ ತೀರ ಸಮೀಪದ ಫಲಿತಾಂಶ ಇದರಿಂದಲೇ ಸಿಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಜಿ.ವಿ. ಆನಂದ್ ಅವರು ಕಡಲೊಳಗಿನ ಸಂಕೇತಗಳನ್ನು ಇಂಥ ಒರಟು ಸದ್ದಿನಿಂದ ಬೇರ್ಪಡಿಸುವ ವಿಧಾನಗಳ ಮೇಲೆ ದೀರ್ಘಕಾಲ ದುಡಿದಿದ್ದಾರೆ. ಕಡಲಿಲ್ಲದ ಊರಿನಿಂದ ಕಡಲಿಗೆ ಸಂದ ಕೊಡುಗೆ ಅದು.

ಸೀಗಡಿಯನ್ನು ಬರೀ ಅಡ್ಡಿ ಎಂದು ನೋಡಬೇಕಾಗಿಲ್ಲ ಎಂದವರೂ ಇದ್ದಾರೆ. ಹಗಲ ಬೆಳಕಿನಲ್ಲಿ ನಾವು ವಸ್ತುಗಳನ್ನು ಕಾಣುವುದು ಅವುಗಳ ಮೇಲೆ ಬಿದ್ದು ಚದುರಿದ ಬೆಳಕಿನಿಂದ. ಹಾಗೆಯೇ ಕಡಲು ತಾನೇ ಮಾಡುವ ಸದ್ದು ವಸ್ತುಗಳ ಮೇಲೆ ಬಿದ್ದು ಚದುರುವುದನ್ನು ಹಿಡಿದು ಚಿತ್ರ ಮಾಡಬಹುದು ಎಂದು ಮೈಕೆಲ್ ಬಕಿಂಗ್‌ಹ್ಯಾಮ್ ಮತ್ತು ಸಂಗಡಿಗರು 1992ರಲ್ಲಿ ತೋರಿಸಿದರು. ಸಿಂಗಾಪುರದವರು ನೂರಾರು ಸಂವೇದಕಗಳ ಹಲಗೆಯೊಂದನ್ನು ಕಟ್ಟಿ, ಸೀಗಡಿಗಳ ಸದ್ದನ್ನೇ ಬೆಳಕಾಗಿಸಿಕೊಂಡು ಇದನ್ನು ಮುಂದುವರಿಸಿದರು.

ಈಗ ಕೈಗೆ ಮಣ್ಣು ಹತ್ತುವ ಭಾಗ. ಹೈಡ್ರೋಫೋನಿನ ಒಳಗಿರುವುದು ಒತ್ತಿದರೆ ವಿದ್ಯುತ್ ಕೊಡುವ ಸೆರಾಮಿಕ್ ತುಂಡು. ಅದರ ಸೂಕ್ಷ್ಮತೆ ಒಂದು ಮೈಕ್ರೋಪ್ಯಾಸ್ಕಲ್‌ಗೆ ಒಂದು ವೋಲ್ಟ್ ಎಂಬ ಆಧಾರದಲ್ಲಿ ಮೈನಸ್ 170 ಡೆಸಿಬೆಲ್ ಎಂದುಕೊಳ್ಳಿ. ಆಂಪ್ಲಿಫೈಯರಿನ ಗೇನ್ 20 ಡೆಸಿಬೆಲ್. ಹೊರಗೆ ಬಂದದ್ದು ಒಂದು ಮಿಲಿವೋಲ್ಟ್, ಅಂದರೆ ಮೈನಸ್ 60. ಅದರಿಂದ ಗೇನ್ ಕಳೆದರೆ ಮೈನಸ್ 80. ಸೂಕ್ಷ್ಮತೆಯನ್ನೂ ಕಳೆದರೆ 90 ಡೆಸಿಬೆಲ್. ಇಷ್ಟೇ ಲೆಕ್ಕ. ಆದರೆ ಬೋಟಿನ ಮೇಲೆ ಗೇನ್ ಗುಂಡಿ ತಿರುಗಿಸಿದವರು ಅದನ್ನು ಪುಸ್ತಕದಲ್ಲಿ ಬರೆಯದೆ ಹೋದರೆ ಒತ್ತಡ ಹತ್ತು ಪಟ್ಟು ತಪ್ಪಾಗಿ ದಾಖಲಾಗುತ್ತದೆ, ಆ ತಿಂಗಳ ದಾಖಲೆಯಿಂದ ಮಟ್ಟದ ಬಗ್ಗೆ ಮತ್ತೇನೂ ಹೇಳುವಂತಿಲ್ಲ. ಅದಕ್ಕೇ ಇಳಿಸುವ ಮೊದಲು ಮತ್ತು ಎತ್ತಿದ ಮೇಲೆ ಎರಡೂ ಸಲ ಪಿಸ್ಟನ್‌ಫೋನ್ ಎಂಬ, ಗೊತ್ತಿರುವ ಮಟ್ಟದ ಸದ್ದು ಕೊಡುವ ಉಪಕರಣ ಕೂರಿಸಿ ಪರೀಕ್ಷಿಸುತ್ತಾರೆ. ನೀರು ಒಳನುಗ್ಗದಂತೆ ತಡೆಯುವ ಓ-ರಿಂಗ್‌ಗೆ ಗ್ರೀಸ್ ಸವರುವಾಗ ಒಂದು ಕೂದಲೆಳೆ ಅಂಟಿದ್ದರೂ ಸಾಕು, ಆ ಸಂದಿನಲ್ಲಿ ಉಪ್ಪುನೀರು ಇಳಿದು ಒಳಗಿನ ಬೋರ್ಡ್ ಹಾಳಾಗುತ್ತದೆ. ಬೆಳಕಿಗೆ ಹಿಡಿದು ಬೆರಳಿನಿಂದ ಸುತ್ತಲೂ ಸವರಿ ನೋಡುವ ಆ ಎರಡು ನಿಮಿಷವನ್ನು ಯಾವ ಅನುಭವಿಯೂ ಬಿಡುವುದಿಲ್ಲ.

ಕೆಳಗಿಳಿಸಿದ ಮೇಲೆ ಶುರುವಾಗುವ ಕಷ್ಟ ಬೇರೆ. ಕಡಲಿನ ಸದ್ದು ಅಳೆಯಲು ಹೋದವರು ಹೆಚ್ಚಾಗಿ ಹಿಡಿದು ತರುವುದು ತಮ್ಮದೇ ಉಪಕರಣದ ಸದ್ದನ್ನು. ಸರಪಳಿ ಕಟ್ಟಿದರೆ ಕೊಂಡಿಗೆ ಕೊಂಡಿ ಬಡಿಯುತ್ತದೆ, ಹಗ್ಗ ಬಿಗಿದರೆ ಹರಿಯುವ ನೀರಿಗೆ ಅದು ತಂತಿಯಂತೆ ಮಿಡಿಯುತ್ತದೆ, ಮೇಲೆ ತೇಲುವ ಬುರುಡೆಗೆ ಕಟ್ಟಿದರೆ ಪ್ರತಿ ಅಲೆಗೂ ಹೈಡ್ರೋಫೋನ್ ಏರಿಳಿಯುತ್ತದೆ. ಹಾಗಾಗಿ ತಳದಲ್ಲಿ ಭಾರ, ನೀರಿನ ಮಧ್ಯದಲ್ಲೇ ಮುಳುಗಿ ನಿಂತ ತೇಲುಗುಂಡು, ನಡುವೆ ಹೈಡ್ರೋಫೋನ್ ಎಂಬ ಏರ್ಪಾಡು. ಟ್ರಾಲ್ ಬಲೆಗೆ ಸಿಕ್ಕಿ ಕಳೆದುಹೋಗುವ ಭಯ ಇದ್ದೇ ಇದೆ. ಕೆಲವು ವಾರ ಕಳೆದರೆ ಬೆಚ್ಚಗಿನ ನೀರಿನಲ್ಲಿ ಪಾಚಿ, ಚಿಪ್ಪುಹುಳು ಎಲ್ಲ ಹತ್ತಿ ಕೂರುತ್ತವೆ.

ಇನ್ನೊಂದು ನಯವಂಚಕ ಹರಿವಿನ ಸದ್ದು. ಉಬ್ಬರ ಇಳಿತದ ನೀರು ಹೈಡ್ರೋಫೋನಿನ ಮೈಯನ್ನು ಸುಳಿಸುಳಿಯಾಗಿ ದಾಟುವಾಗ ಕೆಳಗಿನ ಕಂಪನಾಂಕಗಳಲ್ಲಿ ಒತ್ತಡ ಏರುತ್ತದೆ. ಕಾಗದದ ಮೇಲೆ ಅದು ದೂರದ ಹಡಗಿನಂತೆಯೇ ಕಾಣುತ್ತದೆ. ಹಿಡಿಯುವುದು ಹೇಗೆ? ಆ ಏರಿಕೆ ಆರು ಗಂಟೆಗೊಮ್ಮೆ ಬರುತ್ತಿದ್ದರೆ, ಅಮಾವಾಸ್ಯೆ ಹುಣ್ಣಿಮೆಗಳ ಸುತ್ತ ಜೋರಾಗುತ್ತಿದ್ದರೆ ಅನುಮಾನ ಪಡಬೇಕು. ಇನ್ನೂ ಖಚಿತವಾದ ದಾರಿ ಎಂದರೆ ಅರ್ಧ ಮೀಟರ್ ಅಂತರದಲ್ಲಿ ಎರಡು ಹೈಡ್ರೋಫೋನ್ ಇಡುವುದು. ನಿಜವಾದ ಸದ್ದಾದರೆ ಎರಡರಲ್ಲೂ ಒಂದೇ ಅಲೆ ಮೂಡುತ್ತದೆ. ಸುಳಿಯಾದರೆ ಒಂದಕ್ಕೂ ಇನ್ನೊಂದಕ್ಕೂ ತಾಳ ಕೂಡುವುದಿಲ್ಲ. ತನ್ನ ಉಪಕರಣ ಸುಳ್ಳು ಹೇಳುತ್ತಿದೆಯೇ ಎಂದು ತಾನೇ ಬಲೆ ಬೀಸಿ ನೋಡುವ ಈ ಬುದ್ಧಿಯೇ ಕಸುಬುದಾರರನ್ನು ಉಳಿದವರಿಂದ ಬೇರೆ ಮಾಡುತ್ತದೆ.

ಸ್ಪೆಕ್ಟ್ರೋಗ್ರಾಮ್ ಓದುವುದು ಎಂದರೆ ಒಂದಿಡೀ ದಿನವನ್ನು ಕಣ್ಣಿನಲ್ಲಿ ಕೇಳುವುದು. ಅಡ್ಡಕ್ಕೆ ಗಂಟೆಗಳು, ಉದ್ದಕ್ಕೆ ಕಂಪನಾಂಕ, ಬಣ್ಣದಲ್ಲಿ ಜೋರು. ಸೀಗಡಿಗಳು ಮೇಲಿನ ಅರ್ಧವನ್ನು ದಟ್ಟವಾಗಿ ತುಂಬಿರುತ್ತವೆ, ಸೂರ್ಯ ಮುಳುಗುವಾಗ ಮತ್ತು ಹುಟ್ಟುವ ಮೊದಲು ಇನ್ನೂ ಒಂದಿಷ್ಟು ಗಾಢ. ಬೋಟು ಹಾದುಹೋದರೆ ಬಿಲ್ಲಿನಂತೆ ಬಾಗಿದ ಪಟ್ಟೆಗಳು. ಮಳೆ ಬಂದರೆ ಅದೂ ಗೊತ್ತಾಗುತ್ತದೆ. ತುಂತುರು ಹನಿ, ಒಂದು ಮಿಲಿಮೀಟರ್ ಆಸುಪಾಸಿನದು, ನೀರಿಗೆ ಬಿದ್ದಾಗ ಕೆಳಗೊಂದು ಪುಟ್ಟ ಗುಳ್ಳೆ ಸಿಕ್ಕಿಕೊಂಡು 13ರಿಂದ 25 ಕಿಲೋಹರ್ಟ್ಜ್ ನಡುವೆ ಮಿಡಿಯುತ್ತದೆ. ಅದಕ್ಕಿಂತ ಸ್ವಲ್ಪ ದೊಡ್ಡ ಹನಿಗಳು ಹೆಚ್ಚುಕಡಿಮೆ ಮೌನಿಗಳು. ಎರಡು ಮಿಲಿಮೀಟರ್ ದಾಟಿದ ದಪ್ಪ ಹನಿಗಳು ದೊಡ್ಡ ಗುಳ್ಳೆ ಕಟ್ಟಿ ಕೆಳಗಿನ ಸ್ಥಾಯಿಗಳಲ್ಲೂ ಸದ್ದು ತುಂಬುತ್ತವೆ. ಹೀಗಾಗಿ ಜಿಟಿಜಿಟಿ ಮಳೆಯೋ ಧೋ ಎಂದು ಸುರಿದದ್ದೋ ಎಂಬುದನ್ನು ಕಡಲ ತಳದಲ್ಲಿ ಕೂತ ಉಪಕರಣ ಹೇಳಬಲ್ಲದು.

ಮೀನುಗಳ ಮೇಳ ಇದೆಲ್ಲದರ ನಡುವೆ ಏಳುತ್ತದೆ. ಗೋವಾದ ಗ್ರಾಂಡೆ ದ್ವೀಪದ ಬಳಿ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರೂ, ಬಂಗಾಳ ಕೊಲ್ಲಿಯ ನೈಋತ್ಯದ ತೀರದ ನೀರಿನಲ್ಲಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರೂ ದಾಖಲಿಸಿದ ಮೇಳಗಳಲ್ಲಿ ಟೆರಾಪಾನ್ ಥೆರಾಪ್ಸ್ ಎಂಬ ಮೀನಿನದು ಎದ್ದು ಕಾಣುತ್ತದೆ. ನಮ್ಮ ಕರಾವಳಿಯ ಮಾರುಕಟ್ಟೆಯಲ್ಲಿ ಕಲ್ಲೂರು ಎಂದು ಮಾರುವ ಮೀನಿನ ಕುಟುಂಬವೂ ದೊಡ್ಡ ಮೇಳಗಾರರದೇ. ಹೊಟ್ಟೆಯೊಳಗಿನ ಗಾಳಿಚೀಲವನ್ನು ಅದಕ್ಕಂಟಿದ ಸ್ನಾಯುಗಳಿಂದ ಬಡಿದು ಅವು ಸದ್ದು ಮಾಡುತ್ತವೆ. ಮಲೇಷ್ಯಾದ ಪೂರ್ವ ಕರಾವಳಿಯಲ್ಲಿ ಜುರು ಸೆಲಾಂ ಎಂಬ ನುರಿತ ಬೆಸ್ತರು ದೋಣಿಯಿಂದ ನೀರಿಗೆ ತಲೆ ಮುಳುಗಿಸಿ, ಇದೇ ಕುಟುಂಬದ ಮೀನಿನ ಹಿಂಡು ಯಾವ ದಿಕ್ಕಿನಲ್ಲಿದೆ ಎಂದು ಕೇಳಿ ಬಲೆ ಹಾಕಿಸುತ್ತಿದ್ದರು. ಹೈಡ್ರೋಫೋನಿನ ಹೆಸರೇ ಕೇಳದವರ ಆ ಕಿವಿಗೆ ಈ ವಿದ್ಯೆಯ ಇತಿಹಾಸದಲ್ಲಿ ಮೊದಲ ಸಾಲಿನ ಜಾಗ ಸಲ್ಲಬೇಕು.

ಕೇಳಿದ್ದನ್ನೆಲ್ಲ ಪಟ್ಟಿಗೆ ತರುವಾಗ ಪೇಚು ಇನ್ನೊಂದು. ಸೆಕೆಂಡಿಗೆ 96,000 ಮಾದರಿಯಂತೆ, ಒಂದೊಂದಕ್ಕೆ 16 ಬಿಟ್ ಕೊಟ್ಟು ಬಿಡದೆ ದಾಖಲಿಸಿದರೆ ದಿನಕ್ಕೆ 16 ಗಿಗಾಬೈಟ್ ದಾಟುತ್ತದೆ, ವರ್ಷಕ್ಕೆ 6 ಟೆರಾಬೈಟ್. ಬ್ಯಾಟರಿಯೂ ಉಳಿಯಬೇಕು. ಹಾಗಾಗಿ ಅರ್ಧ ಗಂಟೆಗೊಮ್ಮೆ ಐದು ನಿಮಿಷ ಎಂಬಂತೆ ಕಂತಿನಲ್ಲಿ ಕೇಳುತ್ತಾರೆ. ಗಂಟೆಗಟ್ಟಲೆ ನಡೆಯುವ ಮೀನಿನ ಮೇಳಕ್ಕೆ ಅಷ್ಟು ಸಾಕು. ನಾಲ್ಕು ನಿಮಿಷದಲ್ಲಿ ಹಾದುಹೋಗುವ ಬೋಟು ಪೂರ್ತಿ ತಪ್ಪಿಹೋಗಬಹುದು. ಪಟ್ಟಿಯಲ್ಲಿ ಬೋಟಿಲ್ಲ ಎಂದಿದ್ದರೆ ಕಂತು ಎಷ್ಟರದ್ದು ಎಂದೂ ಬರೆದಿರಬೇಕು. ಯಾರ ಸದ್ದೆಂದು ತಿಳಿಯದವು ಬಹಳ ಇರುತ್ತವೆ. ಅವಕ್ಕೂ ಒಂದು ಸಂಕೇತ, ಜಾಗ, ಹೊತ್ತು, ಆಳ ಬರೆದು ಉಳಿಸುತ್ತಾರೆ. ಲೋಕದ ಜಲಜೀವಿಗಳ ಸದ್ದಿಗೆಲ್ಲ ಒಂದು ಸಾಮಾನ್ಯ ಭಂಡಾರ ಬೇಕೆಂದು ಹಲವು ದೇಶಗಳ ಸಂಶೋಧಕರು 2022ರಲ್ಲಿ ಕೂಡಿ ಬರೆದರು. ಯಾವ ಸಂಸ್ಥೆಯವರು ಅಳೆದರೂ ಪದಗಳ ಅರ್ಥ ಒಂದೇ ಇರಲಿ ಎಂದು 2017ರಲ್ಲೇ ಅಂತರರಾಷ್ಟ್ರೀಯ ಮಾನಕವೂ ಬಂದಿದೆ.

ನಮ್ಮ ಕರಾವಳಿಗೆ ಈ ವಿದ್ಯೆ ಎಷ್ಟು ಸೊಗಸಾದ ಪ್ರಶ್ನೆ ಒಡ್ಡುತ್ತದೆ ನೋಡಿ. ಪಶ್ಚಿಮ ತೀರದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಲ್ಪೆ, ಮಂಗಳೂರು, ಕಾರವಾರಗಳ ಟ್ರಾಲ್ ಬೋಟು, ಪರ್ಸೀನ್ ಬೋಟುಗಳೆಲ್ಲ ಧಕ್ಕೆಯಲ್ಲಿ ಸಾಲಾಗಿ ನಿಲ್ಲುತ್ತವೆ. ಸಣ್ಣ ಎಂಜಿನ್ನಿನ ನಾಡದೋಣಿಗಳಷ್ಟೇ ಇಳಿಯುತ್ತವೆ. ಬೋಟುಗಳಿಲ್ಲದ ಕಡಲು ಹೇಗಿದ್ದೀತು ಎಂದು ಕೇಳಲು ಇದಕ್ಕಿಂತ ಒಳ್ಳೆಯ ಅವಕಾಶ ಬೇಕೇ ಎನ್ನಿಸುತ್ತದೆ. ಆದರೆ ಅದೇ ಹೊತ್ತಿಗೆ ಮುಂಗಾರಿನ ಗಾಳಿ, ಮಳೆ, ಮುರಿಯುವ ಅಲೆಗಳು ಬೋಟುಗಳು ಬಿಟ್ಟ ಜಾಗವನ್ನು ತುಂಬಿಬಿಡುತ್ತವೆ. ಮೇ ಮತ್ತು ಜೂನ್ ತಿಂಗಳ ಸರಾಸರಿಗಳನ್ನು ಪಕ್ಕಪಕ್ಕ ಇಟ್ಟರೆ ಏನೂ ತಿಳಿಯದು. ಪೂರ್ವ ತೀರದ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ, ಹವೆ ಸ್ವಲ್ಪ ಸಹಕರಿಸುವ ದಿನಗಳಲ್ಲಿ ಬರುತ್ತದೆ. ನಮ್ಮಲ್ಲಿ ಮಾಡುವುದಾದರೆ ಜುಲೈ ಕೊನೆಯ ವಾರವನ್ನೂ ಆಗಸ್ಟ್ ಮೊದಲ ವಾರವನ್ನೂ ಬಿಡದೆ ದಾಖಲಿಸಿ, ಎರಡರಿಂದಲೂ ಗಾಳಿಯ ವೇಗ ಸಮವಿದ್ದ, ಮಳೆ ಇಲ್ಲದ, ಉಬ್ಬರದ ಹಂತವೂ ಒಂದೇ ಇದ್ದ ಗಂಟೆಗಳನ್ನಷ್ಟೇ ಹೆಕ್ಕಿ ಜೋಡಿ ಮಾಡಬೇಕು. ಒಂದು ವರ್ಷಕ್ಕೆ ಅಂಥ ಜೋಡಿಗಳು ಬೆರಳೆಣಿಕೆಯಷ್ಟೇ ಸಿಕ್ಕಾವು. ಹಾಗಾಗಿ ಅದೇ ಜಾಗದಲ್ಲಿ, ಅದೇ ಆಳದಲ್ಲಿ, ಅದೇ ಗೇನ್ ಇಟ್ಟು ಹಲವು ಮುಂಗಾರು ಅಳೆಯಬೇಕಾಗುತ್ತದೆ.